ಸಹಾಯ ಬೇಕು: ಅಪ್ಪನ ಅಂಬಾಸಿಡರ್ ಎಸ್ಟೇಟ್‌ಗೆ ಪೇಂಟು, ಕ್ರೋಮ್ ಕೆಲಸ

ನಮಸ್ಕಾರ, ನಾನು ಕಾರವಾರದವನು. ಅಪ್ಪನ ಹಳೇ ಅಂಬಾಸಿಡರ್ ಎಸ್ಟೇಟ್ ಕಾರನ್ನು (ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ಮಾದರಿ) ಮತ್ತೆ ರಸ್ತೆಗಿಳಿಸಬೇಕು ಅಂತ ಕೈ ಹಾಕಿದ್ದೇನೆ. ಇಲ್ಲಿನ ಉಪ್ಪುಗಾಳಿ ಗೊತ್ತಲ್ವಾ, ಕ್ರೋಮ್ ಪೂರ್ತಿ ತಿಂದುಬಿಟ್ಟಿದೆ. ಮುಂದಿನ ಬಂಪರನ್ನು ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿದೆ, ಮೇಲಿನ ತುಕ್ಕು ಹೋಗಿ ಮುಖ ಕಾಣುವಷ್ಟು ಹೊಳಪು ಬಂತು, ಆದರೆ ಹಿಂದಿನ ಬಂಪರಿಗೆ ಉಗುರು ತಾಗಿಸಿದರೂ ಕ್ರೋಮ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದಕ್ಕೆ ಹಳೇ ಪದರ ತೆಗೆಸಿ, ನಿಕ್ಕಲ್ ಕೂರಿಸಿ, ಮೇಲೆ ಹೊಸ ಕ್ರೋಮ್ ಹಾಕಿಸಲೇಬೇಕು. ಅಂಕೋಲಾ, ಶಿರಸಿ ಅಥವಾ ಹುಬ್ಬಳ್ಳಿ ಕಡೆ ಚೆನ್ನಾಗಿ ಮಾಡಿಕೊಡುವವರು ಇದ್ದಾರಾ?

ಛಾವಣಿಯ ಪೇಂಟ್ ಸುಣ್ಣದ ಹಾಗೆ ಮಂಕಾಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಟ್ಟೆಗೇ ಬರುತ್ತದೆ. ಪಾಲಿಶ್ ಸಾಕಾ, ಪೂರ್ತಿ ಕೆರೆಸಬೇಕಾ? ಹಳೇ ಬಣ್ಣ ಉಳಿದರೆ ನನಗೆ ಅದೇ ಖುಷಿ. ಮಳೆಗಾಲದ ತೇವದಲ್ಲಿ ಪೇಂಟ್ ಹೊಡೆಸುವುದು ಬೇಡ, ದೀಪಾವಳಿ ಕಳೆದ ಮೇಲೆ ಶುರು ಮಾಡುತ್ತೇನೆ. ಮಾಡಿಸಿದವರು ಖರ್ಚು ಎಷ್ಟಾಯ್ತು ಅಂತಲೂ ಹೇಳಿ.