ಕ್ಲಾಸಿನಲ್ಲಿ ಫೋನು: ಹೊಸನಗರದ ಗುಡ್ಡದ ಮೇಲಿಂದ ಬರೆಯುತ್ತಿದ್ದೇನೆ

ಕಳೆದ ವಾರ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡ ಪೋಷಕರ ಈ ಗುಂಪಿನಲ್ಲಿ ನಡೆದ ಚರ್ಚೆಯನ್ನೆಲ್ಲ ಓದಿದೆ. ಹೈಸ್ಕೂಲಿನಲ್ಲಿ ಫೋನ್ ನಿಲ್ಲಿಸುವುದು ಬೇಡ ಅಂದವರೇ ಜಾಸ್ತಿ. ತಕ್ಷಣ ಉತ್ತರ ಬರೆಯಲು ಆಗಲಿಲ್ಲ. ನಾನೂ ಮಗಳೂ ಈಗ ಹೊಸನಗರದ ಹತ್ತಿರ ನನ್ನ ತವರಿನಲ್ಲಿದ್ದೇವೆ. ಮಳೆ ಹಿಡಿದು ಕೂತಿದೆ. ಕರೆಂಟ್ ಹೋಗಿ ಮೂರು ದಿನವಾಯ್ತು. ರೇಂಜ್ ಬೇಕು ಅಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು.

ಮೊದಲು ನಮ್ಮ ಮನೆಯದ್ದೇ ಹೇಳಿಬಿಡುತ್ತೇನೆ. ಮಗಳು ಈ ವರ್ಷ 9ನೇ ಕ್ಲಾಸ್ ಮುಗಿಸಿದಳು. ಅವಳ ಗಣಿತದ ಕ್ಲಾಸಿನ ಗೋಡೆಗೆ ಉದ್ದನೆಯ ಒಂದು ಬಟ್ಟೆ ನೇತುಹಾಕಿದ್ದಾರೆ. ಅದರಲ್ಲಿ ಸಾಲಾಗಿ ಜೇಬುಗಳು, ಒಂದೊಂದಕ್ಕೂ ಒಂದು ನಂಬರ್. ಒಳಗೆ ಬಂದ ಕೂಡಲೇ ಮಕ್ಕಳು ತಮ್ಮ ನಂಬರಿನ ಜೇಬಿಗೆ ಫೋನ್ ಹಾಕಿ ಕೂರಬೇಕು. ಇವಳು ಮನೆಯಲ್ಲಿ ಮೂಲೆಗೆ ಬಿದ್ದಿದ್ದ ನನ್ನ ಹಳೆಯ ಫೋನನ್ನು ಜೇಬಿಗೆ ಹಾಕಿ, ತನ್ನದನ್ನು ಸ್ವೆಟರಿನ ಅಡಿಯಲ್ಲಿ ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಟೆಸ್ಟ್ ನಡೆಯುವಾಗ ಅದು ಸದ್ದು ಮಾಡಿತು, ಸಿಕ್ಕಿಬಿದ್ದಳು. ಮೆಸೇಜ್ ಕಳಿಸಿದವಳು ನಾನು. 'ನಾಲ್ಕು ಗಂಟೆಗೆ ಡೆಂಟಿಸ್ಟ್ ಹತ್ರ ಹೋಗ್ಬೇಕು, ಮರೀಬೇಡ' ಅಂತ.

ಆ ರಾತ್ರಿ ನನ್ನ ಫೋನ್ ತೆಗೆದು ಹಿಂದಿನದನ್ನೆಲ್ಲ ನೋಡಿದೆ. ಒಂದೇ ವಾರದಲ್ಲಿ, ಅದೂ ಶಾಲೆ ನಡೆಯುವ ಹೊತ್ತಿನಲ್ಲಿ, 11 ಮೆಸೇಜ್ ಕಳಿಸಿದ್ದೆ. ಊಟ ಆಯ್ತಾ, ಜಾಕೆಟ್ ತಗೊಂಡ್ಯಾ, ಟೆಸ್ಟ್ ಹೇಗಿತ್ತು. ಯಾವುದನ್ನೂ ಸಂಜೆ ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. ಇದರ ಜೊತೆಗೆ ಊರಿನವರ ವಾಟ್ಸಾಪ್ ಗುಂಪು. ಇಲ್ಲಿ ಊರಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಅಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತು. ಅಜ್ಜಿ ಊಟ ಮುಗಿಸಿ ಮೊಮ್ಮಗಳನ್ನು ನೆನೆಸಿಕೊಳ್ಳುವ ಹೊತ್ತೇ ಅವಳಿಗೆ ಮೊದಲ ಪೀರಿಯಡ್. ಮಕ್ಕಳು ಫೋನ್ ಬಿಡಲ್ಲ ಅನ್ನುತ್ತೇವೆ. ಅತ್ತ ಕಡೆಯಿಂದ ಕರೆಯುತ್ತಿರುವವರಲ್ಲಿ ನಾವೂ ಇದ್ದೇವೆ ಅನ್ನುವುದು ನನಗೆ ಅವತ್ತು ಹೊಳೆಯಿತು. ತುಂಬಾ ಬೇಜಾರಾಯ್ತು.

ಕಾನೂನಿನ ಬಗ್ಗೆ ನಮ್ಮ ಈ ಪೋಷಕರ ಗುಂಪಿನಲ್ಲಿ ಸ್ವಲ್ಪ ಗೊಂದಲ ಇದೆ. 2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಕಾನೂನಿನ ಪ್ರಕಾರ, ಪ್ರತಿ ಸ್ಕೂಲ್ ಡಿಸ್ಟ್ರಿಕ್ಟೂ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತ) 2026ರ ಜುಲೈ 1ರೊಳಗೆ ಸ್ಮಾರ್ಟ್‌ಫೋನ್ ಬಳಕೆಗೆ ಮಿತಿ ಹಾಕುವ ಇಲ್ಲವೇ ನಿಲ್ಲಿಸುವ ನಿಯಮ ಮಾಡಲೇಬೇಕು. ಎಷ್ಟು ಬಿಗಿ ಅನ್ನುವುದು ಆಯಾ ಡಿಸ್ಟ್ರಿಕ್ಟಿಗೆ ಬಿಟ್ಟದ್ದು. ಅದಕ್ಕೇ ಈಗ ನಮ್ಮ ಮಾತು ಮುಖ್ಯ. ಅಪಾಯದ ಹೊತ್ತಿನಲ್ಲಿ ಫೋನ್ ಬಳಸುವುದನ್ನು ತಡೆಯುವ ಹಾಗಿಲ್ಲ ಅಂತ ಕಾನೂನೇ ಹೇಳುತ್ತದೆ. ಆರೋಗ್ಯಕ್ಕೆ ಬೇಕು ಅಂತ ಡಾಕ್ಟರ್ ಹೇಳಿದ್ದರೂ, ಟೀಚರ್ ಒಪ್ಪಿಗೆ ಕೊಟ್ಟರೂ ಬಳಸಬಹುದು. ಬಂದೂಕು ಹಿಡಿದು ಯಾರಾದರೂ ನುಗ್ಗಿದರೆ ಅನ್ನುವ ಭಯ ನನಗೂ ಇದೆ. ಆದರೆ ಅಂಥ ಹೊತ್ತಿನಲ್ಲಿ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತ ಮಗುವಿನ ಕೈಯಲ್ಲಿ ಅಮ್ಮನ ಕರೆ ರಿಂಗಾಗುವುದನ್ನು ನೆನೆಸಿಕೊಳ್ಳಿ. ನನಗೆ ಅದೇ ಇನ್ನೂ ಭಯ.

ನಮ್ಮ ಮಕ್ಕಳು ಚೆನ್ನಾಗಿ ಓದುತ್ತಾರೆ, ಅವರಿಗೆ ಯಾಕೆ ಈ ನಿಯಮ ಅಂತ ಒಬ್ಬರು ಕೇಳಿದ್ದೀರಿ. 2015ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಇಂಗ್ಲೆಂಡಿನ ನಾಲ್ಕು ನಗರಗಳ ಶಾಲೆಗಳ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಫೋನ್ ನಿಲ್ಲಿಸಿದ ಶಾಲೆಗಳಲ್ಲಿ ಹಿಂದೆ ಬಿದ್ದ ಮಕ್ಕಳ ಅಂಕ ಎಲ್ಲರಿಗಿಂತ ಜಾಸ್ತಿ ಏರಿತ್ತು. ಮುಂದಿದ್ದವರಿಗೆ ಹೆಚ್ಚು ಕಡಿಮೆ ಏನೂ ಆಗಿರಲಿಲ್ಲ. ಅಂದರೆ ನಮ್ಮ ಮಗುವಿಗೆ ನಷ್ಟ ಇಲ್ಲ, ಪಕ್ಕದಲ್ಲಿ ಕೂತ ಮಗುವಿಗೆ ಲಾಭ. ಇಷ್ಟು ಸಾಲದಾ? ಒಮ್ಮೆ ಗಮನ ಚದುರಿದರೆ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಅಂತ ಯುನೆಸ್ಕೋದ 2023ರ ವರದಿ ಹೇಳಿತ್ತು. ಅಷ್ಟರಲ್ಲಿ ಪೀರಿಯಡ್ ಅರ್ಧ ಮುಗಿದಿರುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. 2025ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳನ್ನು ನೋಡಿದರು. ಶಾಲೆಯಲ್ಲಿ ಫೋನ್ ನಿಲ್ಲಿಸಿದ್ದರಿಂದ ಮಾತ್ರ ಮಕ್ಕಳ ಮನಸ್ಸು ಹಗುರಾದದ್ದು ಅವರಿಗೆ ಕಾಣಲಿಲ್ಲ. ಇಡೀ ದಿನದ ಲೆಕ್ಕ ತೆಗೆದರೆ ಫೋನ್ ನೋಡುವುದೂ ಕಡಿಮೆಯಾಗಿರಲಿಲ್ಲ. ಹಾಗಾಗಿ ಮನೆಯ ಪಾಲು ಮನೆಯವರೇ ಮಾಡಬೇಕು.

ಊರಿಗೆ ಬಂದ ಮೇಲೆ ಇದನ್ನೆಲ್ಲ ಯೋಚಿಸುವ ರೀತಿಯೇ ಬದಲಾಯ್ತು. ನನ್ನ ಅಣ್ಣನ ದೊಡ್ಡ ಮಗ 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದವನು. ಕೊರೊನಾ ವರ್ಷ, ಜುಲೈನಲ್ಲಿ ಎರಡೇ ದಿನ ಪರೀಕ್ಷೆ ನಡೆದಿತ್ತಲ್ಲ, ಆ ಬ್ಯಾಚು. ಶಾಲೆ ಮುಚ್ಚಿದಾಗ ಈ ಗುಡ್ಡದ ಮೇಲೆ ನಾಲ್ಕು ಕಂಬ ನೆಟ್ಟು ಟಾರ್ಪಾಲ್ ಕಟ್ಟಿಕೊಂಡು, ಉಂಬಳ (ಜಿಗಣೆ) ಹತ್ತದ ಹಾಗೆ ಕಾಲಿಗೆ ಸುಣ್ಣ ಹಚ್ಚಿಕೊಂಡು, ಅಕ್ಕಪಕ್ಕದ ಮನೆಯ ಮೂವರ ಜೊತೆ ಪಾಠ ಕೇಳುತ್ತಿದ್ದ. ನಾಲ್ವರಿಗೂ ಸೇರಿ ಎರಡು ಫೋನು. ಇವನ ಕೈಯಲ್ಲಿದ್ದದ್ದು ಅಣ್ಣನ ಫೋನು. ಪಾಠ ಮುಗಿಸಿ ಗುಡ್ಡ ಇಳಿದರೆ ಅಪ್ಪನ ಕೈಗೆ ವಾಪಸ್. ಈಗ ಅವನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆ ಕಷ್ಟ ಯಾವ ಮಗುವಿಗೂ ಬೇಡ, ಮಲೆನಾಡಿಗೆ ನೆಟ್‌ವರ್ಕ್ ಬರಲೇಬೇಕು. ಆದರೆ ಅವನಿಗೆ ಫೋನ್ ಅಂದರೆ ಒಂದು ಕೆಲಸ, ಒಂದು ಜಾಗ, ಒಂದು ಹೊತ್ತು. ನನ್ನ ಮಗಳಿಗೆ ಈ ಮೂರೂ ಇರಲಿಲ್ಲ.

ಮೊದಲ ಎರಡು ದಿನ ಅವಳು ಚಡಪಡಿಸಿದಳು. ರೇಂಜ್ ಇಲ್ಲ ಅಂತ ಗೊತ್ತಿದ್ದರೂ ಕೈ ಸುಮ್ನೆ ಜೇಬಿಗೆ ಹೋಗುತ್ತಿತ್ತು. ಅಜ್ಜಿ ಮಾತಾಡುವಾಗಲೂ ಹೆಬ್ಬೆರಳು ಖಾಲಿ ಗಾಜನ್ನು ಉಜ್ಜುತ್ತಿತ್ತು. ನಾಲ್ಕನೇ ದಿನ ಅತ್ತಿಗೆಯ ಜೊತೆ ಒಲೆಯ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತಾ ಹೇಳಿದಳು: 'ಅಮ್ಮಾ, ಇಲ್ಲಿ ಯಾರಿಗೂ ಇಲ್ವಲ್ಲ, ಹಾಗಾಗಿ ಏನೂ ಅನ್ಸಲ್ಲ. ಅಲ್ಲಿ ನನ್ನೊಬ್ಬಳದ್ದೇ ಕಿತ್ಕೊಂಡ್ರೆ, ಎಲ್ರೂ ಏನೋ ಮಾತಾಡ್ತಿದಾರೆ, ನಾನೊಬ್ಳೇ ಹೊರಗೆ ಅನ್ಸುತ್ತೆ.'

ನನಗೆ ಬೇಕಾಗಿದ್ದ ಉತ್ತರ ಅದೇ. ಒಂದು ಮನೆ ಒಬ್ಬಳೇ ಹುಡುಗಿಯ ಫೋನ್ ಇಸಿದುಕೊಂಡರೆ ಅವಳಿಗೆ ಅದು ಶಿಕ್ಷೆ. ಇಡೀ ಶಾಲೆ ಇಟ್ಟುಕೊಂಡರೆ ಅದು ಶಾಲೆಯ ಪದ್ಧತಿ. ಅದಕ್ಕೇ ಪಾಠದ ಹೊತ್ತಿಗೆ ಮಾತ್ರ ಅನ್ನುವ ಅರೆಬರೆ ನಿಯಮ ನನಗೆ ಬೇಡ. ಬೆಳಗಿನ ಬೆಲ್ಲಿನಿಂದ ಕೊನೆಯ ಬೆಲ್ಲಿನವರೆಗೆ, ಊಟದ ಬಿಡುವೂ ಸೇರಿ. ಊಟದ ಹೊತ್ತಲ್ಲೇ ಅಲ್ವಾ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ಮಾತಾಡಬೇಕಾದದ್ದು? ಬದಲಿಗೆ ಶಾಲೆಯ ಆಫೀಸಿನ ಫೋನನ್ನು ಕರೆ ಬಂದ ಕೂಡಲೇ ಎತ್ತಬೇಕು, ಮಗುವಿಗೆ ವಿಷಯ ಮುಟ್ಟಿಸಬೇಕು. ಅದನ್ನು ನಾವು ಗಟ್ಟಿಯಾಗಿ ಕೇಳೋಣ.

ಜುಲೈ ಕೊನೆಗೆ ವಾಪಸ್ ಬರುತ್ತೇವೆ. ಡಿಸ್ಟ್ರಿಕ್ಟ್ ಮೀಟಿಂಗಿಗೆ ನಾನು ಹೋಗಿ ಮಾತಾಡುತ್ತೇನೆ, ಜೊತೆಗೆ ಯಾರು ಬರುತ್ತೀರಿ ಅಂತ ಇಲ್ಲಿ ತಿಳಿಸಿ. ಮಳೆ ಜೋರಾಗುತ್ತಿದೆ, ಗುಡ್ಡ ಇಳಿಯಬೇಕು. ನಿಮ್ಮ ಉತ್ತರ ನಾಳೆ ಸಂಜೆ ಮತ್ತೆ ಹತ್ತಿದಾಗ ನೋಡುತ್ತೇನೆ.