ಗೇಮ್ ಆಡ್ವಾಗ ಪಿಸಿ ಟಪ್ ಅಂತ ಆಫ್ ಆಗ್ತಿದೆ, ಗ್ರಾಫಿಕ್ಸ್ ಕಾರ್ಡೇ ಹೋಗಿದೆಯಾ?

ಕಾಫಿಗಿಡ (ಆಲ್ದೂರು ಹತ್ರ, ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ, ಒಂದು ತಿಂಗಳಿಂದ ತಲೆ ಕೆಟ್ಟು ಹೋಗಿದೆ, ಗೊತ್ತಿರೋರು ಸ್ವಲ್ಪ ಹೇಳಿ. ರೈಜನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ. ಮೊದ್ಲು ಹಳೇ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇತ್ತು, ಸೆಪ್ಟೆಂಬರಲ್ಲಿ ಅದನ್ನ ತೆಗ್ದು ಆರ್‌ಟಿಎಕ್ಸ್ 3060 ಹಾಕ್ದೆ. ಮೂರು ತಿಂಗಳು ಬೆಣ್ಣೆ ಥರ ಓಡ್ತು. ಡಿಸೆಂಬರ್ ಮಧ್ಯದಿಂದ ಶುರುವಾಯ್ತು ನೋಡಿ, ಸೈಬರ್‌ಪಂಕ್ ಆಡ್ತಾ ಇರ್ತೀನಿ, ಅರ್ಧ ಗಂಟೆನೋ ಒಂದು ಗಂಟೆನೋ ಆಗಿರುತ್ತೆ, ಇದ್ದಕ್ಕಿದ್ದಂಗೆ ಟಪ್. ನೀಲಿ ಸ್ಕ್ರೀನ್ ಇಲ್ಲ, ಹ್ಯಾಂಗ್ ಇಲ್ಲ, ಕರೆಂಟ್ ಹೋದಂಗೆ ಆಗುತ್ತೆ ಆದ್ರೆ ರೂಮಿನ ಲೈಟ್ ಉರೀತಾನೇ ಇರುತ್ತೆ ಸೋ ಕರೆಂಟ್ ಅಲ್ಲ. ಬಟನ್ ಒತ್ತಿದ್ರೆ ಮಾಮೂಲಿ ಬೂಟ್ ಆಗುತ್ತೆ, ನೆಟ್ ಬರೋಕೆ ಮಾತ್ರ ಎರಡು ನಿಮಿಷ ಹಿಡಿಯುತ್ತೆ. ವ್ಯಾಲೊರಂಟ್ ಎಷ್ಟೊತ್ತು ಆಡಿದ್ರೂ ಏನೂ ಆಗಲ್ಲ.

ಗ್ರಾಫಿಕ್ಸ್ ಡ್ರೈವರನ್ನ ಡಿಡಿಯು (ಡ್ರೈವರ್ ಪೂರ್ತಿ ಅಳಿಸೋ ಟೂಲ್) ಹಾಕಿ ಕ್ಲೀನ್ ಮಾಡಿ ಮತ್ತೆ ಹಾಕ್ದೆ, ವಿಂಡೋಸ್ ಎರಡು ಸಲ ಹಾಕ್ದೆ, ಬಿಸಿ ಇಳಿಸೋ ಥರ್ಮಲ್ ಪೇಸ್ಟ್ ಹೊಸದು. ಜಿಪಿಯು (ಗ್ರಾಫಿಕ್ಸ್ ಚಿಪ್) 68 ಡಿಗ್ರಿ ದಾಟಲ್ಲ, ಸಿಪಿಯು 72. ಪೇಟೆಯಲ್ಲಿ ಒಂದು ಅಂಗಡಿಗೆ ಕೊಟ್ಟೆ, ಎರಡು ದಿನ ಇಟ್ಕೊಂಡ್ರು, ಅಲ್ಲಿ ಒಂದು ಸಲನೂ ಆಫ್ ಆಗ್ಲಿಲ್ವಂತೆ, ಆದ್ರೂ ಕಾರ್ಡ್ ವೀಕ್ ಆಗಿದೆ ಚೇಂಜ್ ಮಾಡಿ ಅಂತಾರೆ. ಅಪ್ಪಂಗೆ ಇನ್ನೊಂದು ಕಾರ್ಡ್ ಅಂತ ಹೇಳಿದ್ರೆ ನನ್ನನ್ನೇ ಮನೆಯಿಂದ ಆಚೆಗೆ ಹಾಕ್ತಾರೆ.

ಪಿಕ್ಸೆಲ್ ಪುಟ್ಟ

ರ‍್ಯಾಮ್ ಬ್ರೋ ರ‍್ಯಾಮ್. ನಂಗೂ ಹಿಂಗೇ ಆಗಿತ್ತು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮ್ ಸ್ಪೀಡ್ ಏರ್ಸೋ ಸೆಟ್ಟಿಂಗ್) ಆಫ್ ಮಾಡಿ ನೋಡಿ, ಆಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಬಿಟ್ಟು ಮಲ್ಕೊಳ್ಳಿ.

ಹಾಸನ್ ಹಾರ್ಡ್‌ವೇರ್

ಪುಟ್ಟ, ರ‍್ಯಾಮ್ ಕೆಟ್ರೆ ಸಾಮಾನ್ಯವಾಗಿ ನೀಲಿ ಸ್ಕ್ರೀನ್ ಬರ್ತದೆ ಇಲ್ಲಾ ಗೇಮ್ ಕ್ಲೋಸ್ ಆಗಿ ಡೆಸ್ಕ್‌ಟಾಪಿಗೆ ಬಂದು ಬೀಳ್ತದೆ. ಇವ್ರು ಹೇಳ್ತಿರೋದು ಪೂರ್ತಿ ಆಫು. ಕಾಫಿಗಿಡ ಅವ್ರೇ, ಈವೆಂಟ್ ವ್ಯೂವರ್ ತೆಗೀರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್, ಅದ್ರಲ್ಲಿ ಆಫ್ ಆಗಿ ಮತ್ತೆ ಆನ್ ಆದ ಟೈಮಿಗೆ ಕರ್ನಲ್ ಪವರ್ 41 (ಸರಿಯಾಗಿ ಶಟ್‌ಡೌನ್ ಆಗ್ದೇ ಆಫ್ ಆಗಿತ್ತು ಅನ್ನೋ ದಾಖಲೆ) ಐತಾ ನೋಡಿ. ಇದ್ರೆ ಅದ್ರ ಡೀಟೇಲ್ಸಲ್ಲಿ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನಿನ ಎರರ್ ನಂಬರ್) ಏನೈತೆ ಅದೇ ಮುಖ್ಯ. ಸೊನ್ನೆ ಇದ್ರೆ ವಿಂಡೋಸಿಗೇ ಏನಾಯ್ತು ಅಂತ ಗೊತ್ತಿಲ್ಲ, ಬರೆದಿಡೋಕೂ ಟೈಮ್ ಸಿಕ್ಕಿಲ್ಲ ಅಂತ ಅರ್ಥ, ಸೊನ್ನೆ ಅಲ್ದೆ ಬೇರೆ ನಂಬರ್ ಇದ್ರೆ ಡ್ರೈವರ್, ರ‍್ಯಾಮ್ ಕಡೆ ನೋಡೋಣ. ಪವರ್ ಸಪ್ಲೈ ಎಷ್ಟು ವರ್ಷ ಹಳೇದು? 3060ಕ್ಕೆ 550 ವ್ಯಾಟ್ ಸಾಕು, ಆದ್ರೆ ಲೋಕಲ್ ಡಬ್ಬ ಆಗಿದ್ರೆ ಮೇಲೆ ಬರೆದಿರೋದು ಒಂದು ಒಳಗೆ ಇರೋದು ಇನ್ನೊಂದು.

ಕಾಫಿಗಿಡ

41 ಇದೆ ಅಣ್ಣ, ಹದಿನಾಲ್ಕು ಸಲ! ಎಲ್ಲದ್ರಲ್ಲೂ ಬಗ್‌ಚೆಕ್ ಸೊನ್ನೆ. ಪವರ್ ಸಪ್ಲೈ ಒಳ್ಳೆ ಕಂಪನಿದೇ, 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ), ಒಂದೂವರೆ ವರ್ಷ ಆಗಿದೆ. ಎಕ್ಸ್‌ಎಂಪಿ ಆಫ್ ಮಾಡಿನೂ ನೋಡ್ದೆ, ಇವತ್ತು ಸಂಜೆ ಏಳಕ್ಕೆ ಮತ್ತೆ ಟಪ್. ಲಾಗ್ ನೋಡಿದ್ಮೇಲೆ ಒಂದು ಗಮನಕ್ಕೆ ಬಂತು, ಹದಿನಾಲ್ಕೂ ಸಂಜೆ ಆರರಿಂದ ಒಂಬತ್ತರ ಒಳಗೇ ಇದೆ. ಭಾನುವಾರ ಬೆಳಿಗ್ಗೆಯಿಂದ ಆಡಿದ್ದೆ, ಒಂದೂ ಇಲ್ಲ.

ಹಳೇ ಫ್ಯೂಸ್ (ಮೂಡಿಗೆರೆ)

ಮಾರಾಯ, ಆ ನೆಟ್ ಬರೋಕೆ ಎರಡು ನಿಮಿಷ ಅಂದ್ಯಲ್ಲ, ಅದನ್ನ ಯಾರೂ ನೋಡ್ಲಿಲ್ವಲ್ರಪ್ಪ. ಕಂಪ್ಯೂಟರ್ ಆಫ್ ಆದ್ರೆ ವೈಫೈ ರೂಟರ್ ಯಾಕೆ ಆಫ್ ಆಗ್ಬೇಕು? ಅದೂ ಇದೂ ಒಂದೇ ಯುಪಿಎಸ್ ಮೇಲೆ ಇದ್ಯಾ? ಇದ್ರೆ ಅದ್ರ ಸಾಮರ್ಥ್ಯ ಎಷ್ಟು ವಿಎ (ವೋಲ್ಟ್-ಆಂಪಿಯರ್)? ಮತ್ತೆ ಪಕ್ಕದಲ್ಲಿ ಯಾರ್ದಾದ್ರೂ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡ್ಸೋ ಮಷೀನು) ಇದ್ಯಾ?

ಡಿಸೆಂಬರ್ ಮಧ್ಯ, ಸಂಜೆ ಆರು ಗಂಟೆ, ಆಲ್ದೂರು ಕಡೆ. ಇದಕ್ಕೆ ಈವೆಂಟ್ ವ್ಯೂವರ್ ಯಾಕೆ ಬೇಕು. ಹಗಲೆಲ್ಲ ಕುಯ್ದ ಹಣ್ಣನ್ನ ಅವತ್ತು ಸಂಜೆನೇ ಪಲ್ಪ್ ಮಾಡ್ತಾರೆ, ಮೋಟರ್ ಸ್ಟಾರ್ಟ್ ಆಗ್ವಾಗ ಓಡೋದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಅದೇ ಟ್ರಾನ್ಸ್‌ಫಾರ್ಮರ್‌ನ ಲೈನಿನ ತುದೀಲಿ ನಿಮ್ಮನೆ ಇದ್ರೆ ವೋಲ್ಟೇಜ್ ಧಸಕ್ ಅಂತ ಇಳಿಯುತ್ತೆ. ರೂಮಿನ ಲೈಟ್ ಉರೀತಿತ್ತು ಅಂತ ನಂಬ್ಬೇಡ, ಒಳ್ಳೆ ಎಲ್‌ಇಡಿ ಬಲ್ಬ್ ವೋಲ್ಟೇಜ್ ಅಷ್ಟು ಇಳಿದ್ರೂ ಮಂಕಾಗಲ್ಲ. ಬಚ್ಚಲಲ್ಲಿ ಹಳೇ 60 ವ್ಯಾಟ್ ಬಲ್ಬ್ ಇದ್ರೆ ಅದನ್ನ ನೋಡು.

ಕಾಫಿಗಿಡ

ಅಯ್ಯೋ. ಯುಪಿಎಸ್ ಹೇಳೋದೇ ಮರ್ತೆ, 600 ವಿಎ, ಪಿಸಿ ಮಾನಿಟರ್ ರೂಟರ್ ಮೂರೂ ಅದಕ್ಕೇ. ಪಲ್ಪರ್ ಪಕ್ಕದ ತೋಟದ್ದು, ನಮ್ಮನೆ ಹಿಂದೆನೇ. ಆದ್ರೆ ಅಣ್ಣ, ವೋಲ್ಟೇಜ್ ಇಳಿದ್ರೆ ಹಿಡ್ಕೊಳ್ಲಿ ಅಂತ ತಾನೇ ಯುಪಿಎಸ್ ಇಡೋದು? ಮತ್ತೆ ವ್ಯಾಲೊರಂಟ್‌ಗೆ ಯಾಕೆ ಆಗಲ್ಲ, ಅದನ್ನೂ ಸಂಜೆನೇ ಆಡೋದು.

ಹಾಸನ್ ಹಾರ್ಡ್‌ವೇರ್

ಫ್ಯೂಸ್ ಅಣ್ಣ ನಿಮ್ಗೊಂದು ಕಾಫಿ ನನ್ ಕಡೆಯಿಂದ. ಇದ್ರ ಲೆಕ್ಕ ನಾನು ಹೇಳ್ತೀನಿ. 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಬಹಳಷ್ಟು 600 ವಿಎ ಯುಪಿಎಸ್ ಹಿಂದೆ ಸಣ್ಣಕ್ಷರದಲ್ಲಿ 360 ವ್ಯಾಟ್ ಅಂತ ಇರ್ತದೆ, ತಿರುಗ್ಸಿ ನೋಡಿ. 3060 ಒಂದೇ 170 ವ್ಯಾಟ್, 5600 ಫುಲ್ ಲೋಡಲ್ಲಿ 76ರ ತನಕ, ಬೋರ್ಡು ಫ್ಯಾನು ಎಸ್‌ಎಸ್‌ಡಿ ಎಲ್ಲ ಸೇರಿ 300ರ ಹತ್ರ ಹೋಗ್ಬೋದು, ಪವರ್ ಸಪ್ಲೈ ಒಳಗೆ ಬಿಸಿಯಾಗಿ ಹಾಳಾಗೋದು ಸೇರಿಸಿದ್ರೆ ಗೋಡೆಯಿಂದ 340, ಮೇಲೆ ಮಾನಿಟರ್ರು ರೂಟರ್ರು. ಮೇನ್ಸ್ (ಗೋಡೆ ಕರೆಂಟ್) ಸರಿಯಾಗಿ ಇರೋವರ್ಗೂ ಯುಪಿಎಸ್ ಅದನ್ನ ಹಂಗೇ ಆಚೆಗೆ ಬಿಡ್ತದೆ, ತಾನೇನೂ ಹೊರಲ್ಲ. ವೋಲ್ಟೇಜ್ ಇಳಿದು ಬ್ಯಾಟರಿಗೆ ಹೋದ ಕ್ಷಣ ಅಷ್ಟೂ ಭಾರ ಅದ್ರ ತಲೆ ಮೇಲೆ, ಆಗ ಓವರ್‌ಲೋಡ್ ಅಂತ ಕಟ್ಟು. ವ್ಯಾಲೊರಂಟ್ ಅಷ್ಟು ಎಳೆಯಲ್ಲ, ಅದಕ್ಕೆ ಹಿಡ್ಕೊಳ್ತದೆ. 1050 ಟಿಐ 75 ವ್ಯಾಟಿನ ಕಾರ್ಡು, ಹೋದ ವರ್ಷ ಪಲ್ಪರ್ ಓಡ್ವಾಗಲೂ ಏನೂ ಆಗ್ದೇ ಇದ್ದಿದ್ದು ಅದಕ್ಕೇ.

ಇನ್ನೊಂದು, ಬ್ಯಾಟರಿಗೆ ಹೋದಾಗ ಕೀಂಯ್ ಅಂತ ಸದ್ದು ಮಾಡ್ಬೇಕಲ್ಲ, ನಿಮ್ಗೆ ಕೇಳ್ಸಿಲ್ವಾ?

ಕಾಫಿಗಿಡ

ಹೆಡ್‌ಫೋನ್ 🤦 ಆಡ್ವಾಗ ಕಿವಿ ತುಂಬ ಹೆಡ್‌ಫೋನ್ ಹಾಕಿರ್ತೀನಿ.

ಪಿಕ್ಸೆಲ್ ಪುಟ್ಟ

😂😂 ನಾನೂ ರ‍್ಯಾಮ್ ಅಂದೆ ಅಂತ ಯಾರಿಗೂ ಹೇಳ್ಬೇಡಿ

ಹಳೇ ಫ್ಯೂಸ್

ಟೆಸ್ಟ್ ಸುಲಭ. ಪಿಸಿ ವೈರನ್ನ ನೇರ ಗೋಡೆಗೆ ಹಾಕು, ರೂಟರ್ ಮಾತ್ರ ಯುಪಿಎಸ್ ಮೇಲಿರ್ಲಿ, ಹೆಡ್‌ಫೋನ್ ತೆಗ್ದು ಆಡು. ಅದಕ್ಕೆ ಮುಂಚೆ ಪವರ್ ಸಪ್ಲೈ ಮೇಲಿನ ಲೇಬಲ್ ಓದು, ಇನ್‌ಪುಟ್ 100-240 ಅಂತಿದ್ರೆ ಇಷ್ಟು ಇಳಿತ ಅದೇ ತಡ್ಕೊಳ್ಳುತ್ತೆ, 200-240 ಅಂತ ಇದ್ರೆ ಬೇಡ. ಗುಡುಗು ಸಿಡಿಲು ಇದ್ರೆ ಪ್ಲಗ್ ಕಿತ್ತಿಡು, ನಮ್ ಕಡೆ ಸಿಡಿಲಿಗೆ ಯಾವ ಸ್ಪೈಕ್ ಗಾರ್ಡೂ ಸಾಲಲ್ಲ. ಅರ್ಥಿಂಗ್ ಸರಿ ಇದ್ಯಾ ಅಂತನೂ ನೋಡಿಸು, ಬೇಸಿಗೆಲಿ ಅರ್ಥಿಂಗ್ ಗುಂಡಿ ಒಣಗಿರುತ್ತೆ, ನಾಲ್ಕು ಕೊಡ ನೀರು ಹಾಕು.

ಕಾಫಿಗಿಡ

ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಲೇಬಲ್ ಮೇಲೆ 100-240 ಇತ್ತು, ನೇರ ಗೋಡೆಗೆ ಹಾಕ್ದೆ. ಮೊದಲ್ನೇ ದಿನ ಸಂಜೆ ಆರೂ ಮುಕ್ಕಾಲಿಗೆ ಹಿಂದೆ ಮೋಟರ್ ಗುಂಯ್ ಅಂತು, ಅದೇ ಸೆಕೆಂಡಿಗೆ ಯುಪಿಎಸ್ ಕೀಂಯ್ ಕೀಂಯ್, ಪಿಸಿ ಮಾತ್ರ ಏನೂ ಆಗೇ ಇಲ್ಲ ಅನ್ನಂಗೆ ಓಡ್ತು. ನಾಲ್ಕು ದಿನದಲ್ಲಿ ಒಂದೂ ಆಫ್ ಇಲ್ಲ. ಎಲೆಕ್ಟ್ರಿಷಿಯನ್ ಹತ್ರ ಮೀಟರ್ ಇಸ್ಕೊಂಡು ನೋಡಿದ್ರೆ ಸುಮ್ನೆ ಇದ್ದಾಗ 215, ಮೋಟರ್ ಸ್ಟಾರ್ಟಿಗೆ 170ಕ್ಕೆ ಇಳಿದು ಮೇಲೆ ಬರುತ್ತೆ. ಯುಪಿಎಸ್ ಹಿಂದೆ 360 ವ್ಯಾಟ್ ಅಂತಲೇ ಇದೆ, ಬ್ಯಾಟರಿನೂ ಮೂರು ವರ್ಷದ್ದು. 1000 ವಿಎ, 600 ವ್ಯಾಟಿಂದು ನೋಡ್ತಿದ್ದೀನಿ, ದುಡ್ಡಾಗೋವರ್ಗೂ ಗೋಡೆನೇ ಗತಿ.

ಪಕ್ಕದ ತೋಟದವ್ರಿಗೆ ಹೇಳಿದ್ರೆ ನಕ್ಕು ಇನ್ನು ಎರಡು ವಾರ, ಆಮೇಲೆ ಹಣ್ಣು ಮುಗಿಯುತ್ತೆ, ಆಮೇಲೆ ಆಡ್ಕೊಳ್ಳಪ್ಪ ಅಂದ್ರು.

ಹಳೇ ಫ್ಯೂಸ್

ಹಣ್ಣು ಮುಗಿದ್ಮೇಲೆ ಸ್ಪ್ರಿಂಕ್ಲರ್ ಮೋಟರ್ ಶುರು ಆಗುತ್ತೆ ಮಾರಾಯ, ಯುಪಿಎಸ್ ತಗೊಂಡ್ಬಿಡು.