ಪೌರತ್ವ ಹೋದರೆ ‘ನಾನು’ ಉಳಿಯುತ್ತೇನಾ? ಹನ್ನಾ ಅರೆಂಟ್ ಓದುವಾಗ ಬಂದ ಪ್ರಶ್ನೆ

ಕಡಲತಡಿ:
ಎಲ್ಲರಿಗೂ ನಮಸ್ಕಾರ. ದೂರಶಿಕ್ಷಣದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಜರ್ಮನಿಯ ಯಹೂದಿ ಚಿಂತಕಿ ಹನ್ನಾ ಅರೆಂಟ್ 1943ರಲ್ಲಿ ನಿರಾಶ್ರಿತರ ಬಗ್ಗೆ ಬರೆದ ಲೇಖನ ನನ್ನನ್ನು ಬಿಡುತ್ತಿಲ್ಲ. ಮನೆ ಹೋಯಿತು, ಕೆಲಸ ಹೋಯಿತು, ಭಾಷೆಯೂ ಹೋಯಿತು ಎನ್ನುತ್ತಾರೆ. ಭಾಷೆಯ ಜೊತೆ ಸಹಜವಾಗಿ ನಗುವುದು, ಅಳುವುದೂ ಹೋಗುತ್ತದಂತೆ.

ನಾನು ಆರು ವರ್ಷ ಕೊಲ್ಲಿಯಲ್ಲಿದ್ದೆ. ಹೋದ ದಿನವೇ ಕಂಪನಿಯವರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಅಮ್ಮ ತೀರಿಕೊಂಡಾಗ ಅದು ಕೈಗೆ ಬರಲು ನಾಲ್ಕು ದಿನ ಹಿಡಿಯಿತು. ಕೌಂಟರಿನ ಹುಡುಗ ನನ್ನ ಹೆಸರು ಕೇಳಲಿಲ್ಲ, ಫೈಲ್ ನಂಬರ್ ಕೇಳಿದ. ಕಾಗದ ಇಲ್ಲದೆಯೂ ಉಳಿಯುವ ‘ನಾನು’ ಇದೆ ಅಂತ ಅರೆಂಟ್ ಒಪ್ಪುತ್ತಾರಾ?

ಹಳೇಮೇಷ್ಟ್ರು:
ತಾಯಿಯ ವಿಷಯ ಓದಿ ಸಂಕಟವಾಯಿತು.

ಅರೆಂಟ್ ಇದನ್ನು ಸುಮ್ನೆ ಕೂತು ಯೋಚಿಸಿದ್ದಲ್ಲ. 1933ರಲ್ಲಿ ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡರು. 1940ರಲ್ಲಿ ಫ್ರಾನ್ಸಿನವರು ಗುರ್ಸ್ ಶಿಬಿರದಲ್ಲಿ ಕೂಡಿಹಾಕಿದರು. ಅಮೆರಿಕದ ಪೌರತ್ವ ಸಿಕ್ಕಿದ್ದು 1951ರಲ್ಲಿ. ಹುಟ್ಟಿದ ಪ್ರತಿಯೊಬ್ಬನಿಗೂ ಹಕ್ಕಿದೆ ಅಂತ 1789ರಲ್ಲಿ ಸಾರಿದ್ದು ಇದೇ ಫ್ರಾನ್ಸ್. ಆದರೆ ಯಾವ ದೇಶಕ್ಕೂ ಸೇರದೆ ಬರೀ ಮನುಷ್ಯನಾಗಿ ನಿಂತಾಗ ಆ ಹಕ್ಕು ಕೊಡುವವರೇ ಇರಲಿಲ್ಲ. 1951ರ ‘ದಿ ಒರಿಜಿನ್ಸ್ ಆಫ್ ಟೋಟಲಿಟೇರಿಯನಿಸಂ’ ಪುಸ್ತಕದಲ್ಲಿ ಆಕೆ ಹೇಳುವ ಒಂದು ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ: ದೇಶವಿಲ್ಲದವನು ಸಣ್ಣ ಕಳ್ಳತನ ಮಾಡಿದರೆ ಅವನ ಸ್ಥಿತಿ ಸುಧಾರಿಸುತ್ತದೆ. ವಿಚಾರಣೆ ನಡೆಯುತ್ತದೆ, ವಕೀಲ ಸಿಗುತ್ತಾನೆ. ಕಳ್ಳನಿಗೆ ಕಾನೂನಿನೊಳಗೆ ಜಾಗ ಉಂಟು, ಏನೂ ಮಾಡದವನಿಗೆ ಇಲ್ಲ.

ತುಂಗಾತೀರ:
ಒಂದು ವ್ಯತ್ಯಾಸ ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು ಅನ್ಯಾಯವೇ. ಆದರೆ ನೀವು ಭಾರತದ ಪ್ರಜೆಯಾಗಿಯೇ ಇದ್ದಿರಿ, ದೂರು ಕೊಡಲು ರಾಯಭಾರ ಕಚೇರಿ ಇತ್ತು. ಅರೆಂಟ್‌ಗೆ ಅದೂ ಇರಲಿಲ್ಲ ಅಲ್ವಾ?

ನಿಮ್ಮ ಪ್ರಶ್ನೆಗೆ ಉತ್ತರ ಜಾಸ್ತಿ ಸಿಗುವುದು ಅರೆಂಟ್ ಅವರ 1958ರ ಪುಸ್ತಕ ‘ದಿ ಹ್ಯೂಮನ್ ಕಂಡಿಷನ್’ನಲ್ಲಿ, ಐದನೇ ಅಧ್ಯಾಯ. ನಾನು ಯಾರು ಅನ್ನುವುದು ಎದೆಯೊಳಗೆ ಭದ್ರವಾಗಿ ಇಟ್ಟ ವಸ್ತುವಲ್ಲ. ನಾಲ್ಕು ಜನರ ನಡುವೆ ಮಾತಾಡಿದಾಗ, ಏನಾದರೂ ಮಾಡಲು ಮುಂದಾದಾಗ ಅದು ಕಾಣುತ್ತದೆ. ಅದೂ ನಮಗಿಂತ ಮೊದಲು ಎದುರಿನವರಿಗೆ.

ಕಡಲತಡಿ:
ಬೇಜಾರೇನಿಲ್ಲ, ನೀವು ಹೇಳಿದ್ದು ಸರಿ. ಆಗ ರಾಯಭಾರ ಕಚೇರಿ ನೆನಪಿಗೇ ಬರಲಿಲ್ಲ.

ಎದುರಿನವರು ಅಂದಿರಲ್ಲ, ಒಂದು ನೆನಪಾಯಿತು. ಮೂರು ದಿನ ನನಗೆ ಅಳು ಬಂದಿರಲಿಲ್ಲ. ನಾಲ್ಕನೇ ರಾತ್ರಿ ಪಕ್ಕದ ಮಂಚದ ಉಡುಪಿಯವರು ಲೈಟ್ ಆರಿಸಿ, ಅಮ್ಮನಿಗೆ ಏನಾಗಿತ್ತು ಅಂತ ತುಳುವಿನಲ್ಲಿ ಕೇಳಿದರು. ಆಗ ಅತ್ತೆ. ಐದನೇ ಅಧ್ಯಾಯ ಇವತ್ತೇ ಶುರು ಮಾಡುತ್ತೇನೆ.